ಕ್ಯಾಸನೂರಿನಿಂದ ಕಮ್ಮರಡಿಗೆ: ಒಂದು ಜ್ವರವನ್ನು ಹುಡುಕಿದ ಕಥೆ

ಅಡಿಕೆ ಕೊಯ್ಲು ಮುಗಿದು, ಕೊಟ್ಟಿಗೆಗೆ ದರಗು ಗುಡಿಸಿ ತರುವ ಕಾಲ. ಕಮ್ಮರಡಿ ಹತ್ತಿರ ನಮ್ಮ ಗೆಳೆಯನೊಬ್ಬನ ಮನೆಯಲ್ಲಿ ಅವನ ಚಿಕ್ಕಮ್ಮನಿಗೆ ಜ್ವರ ಬಂತು. ಬೆಳಿಗ್ಗೆ ತೋಟಕ್ಕೆ ಹೋಗಿ ಬಂದವರು ಸಂಜೆಗೆ ಹಾಸಿಗೆ ಹಿಡಿದರು. ತಲೆ ಸಿಡಿಯುವಷ್ಟು ನೋವು, ಕಣ್ಣು ಕೆಂಪು, ಮೀನಖಂಡ ಮುಟ್ಟಿದರೆ ಕಿರುಚುವಂತಾಗುತ್ತಿತ್ತು. ಹಿಂದಿನ ವಾರವಷ್ಟೇ ಆಚೆ ಗುಡ್ಡದಲ್ಲಿ ಮಂಗ ಸತ್ತು ಬಿದ್ದಿತ್ತೆಂದು ಯಾರೋ ಹೇಳಿದ್ದರು. ರಾತ್ರಿ ಊಟದ ಹೊತ್ತಿಗೆ ಮನೆಯವರೆಲ್ಲ ಒಂದು ಮೊಬೈಲಿನ ಸುತ್ತ ಕೂತಿದ್ದರು.

ಆ ಮೊಬೈಲ್ ಹಿಡಿದಿದ್ದವರು ಬೇರೆ ಯಾರೂ ಅಲ್ಲ, ನಾವೇ. ಪತ್ರಿಕೋದ್ಯಮ ಓದಿದವರು, ಮಾಹಿತಿ ಹುಡುಕುವುದನ್ನೇ ಕಲಿತವರು. ಅರ್ಧ ಗಂಟೆಯಲ್ಲಿ ಮೂರು ಉತ್ತರ ಸಿಕ್ಕವು. ಒಂದು, ಲಕ್ಷಣಗಳೆಲ್ಲ ಮಂಗನ ಕಾಯಿಲೆಗೆ ಹೊಂದುತ್ತವೆ. ಎರಡು, ಮಂಗನ ಕಾಯಿಲೆಗೆ ಲಸಿಕೆ ಇದೆ. ಮೂರು, ಅದು ಬಂದ ಮೇಲೆ ಅದಕ್ಕೆಂದೇ ಬೇರೆ ಔಷಧಿ ಇಲ್ಲ.

ಮೂರನೆಯದನ್ನು ಕೇಳಿದ್ದೇ ಚಿಕ್ಕಪ್ಪ ಹೇಳಿದರು: "ಔಷಧಿಯೇ ಇಲ್ಲ ಅಂದಮೇಲೆ ಆಸ್ಪತ್ರೆಗೆ ಹೋಗಿ ಏನು ಮಾಡೋದು ಮಾರಾಯ? ಎರಡು ದಿನ ನೋಡೋಣ."

ಮೂರೂ ಉತ್ತರಗಳು ಒಳ್ಳೆಯ ಜಾಗಗಳಿಂದಲೇ ಬಂದಿದ್ದವು. ಆದರೂ ಮೂರೂ ಸೇರಿ ನಮ್ಮನ್ನು ತಪ್ಪು ದಾರಿಗೆ ಹಚ್ಚುತ್ತಿದ್ದವು. ಯಾಕೆ ಹಾಗಾಯಿತು ಎಂದು ಆಮೇಲೆ ತಿಳಿಯಹೊರಟಾಗ ನಾವು ಎರಡು ಇತಿಹಾಸಗಳನ್ನು ಓದಬೇಕಾಯಿತು. ಒಂದು ಈ ಜ್ವರದ್ದು, ಇನ್ನೊಂದು ಹುಡುಕಾಟದ್ದು. ಎರಡನ್ನೂ ಇಲ್ಲಿ ಹೇಳುತ್ತೇವೆ. ಚಿಕ್ಕಮ್ಮನ ಕಥೆಗೆ ಕೊನೆಯಲ್ಲಿ ಬರುತ್ತೇವೆ.

1957: ಹೆಸರಿಲ್ಲದ ಜ್ವರ

ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಸುತ್ತಲ ಹಳ್ಳಿಗಳಲ್ಲಿ 1957ರ ಬೇಸಿಗೆಯಲ್ಲಿ ಜನ ಒಬ್ಬೊಬ್ಬರಾಗಿ ಜ್ವರಕ್ಕೆ ಬಿದ್ದರು. ಮಲೆನಾಡಿಗೆ ಜ್ವರ ಹೊಸದೇನೂ ಅಲ್ಲ, ಚಳಿಜ್ವರ ನಮ್ಮ ಅಜ್ಜ ಅಜ್ಜಿಯರ ಕಾಲದಿಂದ ಬೆನ್ನಿಗೆ ಬಿದ್ದದ್ದೇ. ಆದರೆ ಈ ಜ್ವರ ಬೇರೆ ಥರ ಇತ್ತು. ಕಾಡಿಗೆ ಸೊಪ್ಪು, ಸೌದೆಗೆ ಹೋದವರಿಗೇ ಬರುತ್ತಿತ್ತು. ಕೆಲವರಿಗೆ ಮೂಗು, ವಸಡಿನಲ್ಲಿ ರಕ್ತ ಬರುತ್ತಿತ್ತು. ಅದೇ ಹೊತ್ತಿಗೆ ಕಾಡಿನಲ್ಲಿ ಮಂಗಗಳೂ ಮುಸುವಗಳೂ ಸಾಯುತ್ತಿದ್ದವು. ಎರಡನ್ನೂ ಜೋಡಿಸಿ ಹಳ್ಳಿಯವರೇ ಅದನ್ನು ಮಂಗನ ಕಾಯಿಲೆ ಎಂದು ಕರೆದರು.

ಮಂಗ ಸಾಯುತ್ತಿದೆ ಎಂಬ ಸುದ್ದಿಗೆ ಪುಣೆಯ ವೈರಸ್ ಸಂಶೋಧನಾ ಕೇಂದ್ರ ಬೆಚ್ಚಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲ್ಲರ್ ಫೌಂಡೇಶನ್ ಸೇರಿ 1952ರಲ್ಲಿ ಆರಂಭಿಸಿದ್ದ ಸಂಸ್ಥೆ ಅದು. ಈಗ ಅದೇ ರಾಷ್ಟ್ರೀಯ ವೈರಾಣು ಸಂಸ್ಥೆ. ಅವರ ಭಯಕ್ಕೆ ಕಾರಣವಿತ್ತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಬಂದಾಗ ಮಂಗಗಳು ಹೀಗೆಯೇ ಸಾಯುತ್ತವೆ. ಏಷ್ಯಾದಲ್ಲಿ ಹಳದಿ ಜ್ವರ ಅಲ್ಲಿಯವರೆಗೆ ಬಂದಿರಲಿಲ್ಲ. ಬಂದೇ ಬಿಟ್ಟಿತೇ?

ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಕಾಡಿಗೇ ಬಂದರು. ಸತ್ತ ಮಂಗಗಳನ್ನು ಪರೀಕ್ಷಿಸಿದರು, ರೋಗಿಗಳ ರಕ್ತ ತೆಗೆದರು, ಸೊಳ್ಳೆ, ಉಣುಗು ಎಲ್ಲವನ್ನೂ ಸಂಗ್ರಹಿಸಿ ಪುಣೆಗೆ ಒಯ್ದರು. ಸಿಕ್ಕಿದ್ದು ಹಳದಿ ಜ್ವರವಲ್ಲ. ಅದುವರೆಗೆ ಯಾರೂ ಕಾಣದ ಹೊಸ ವೈರಸ್. ಹರಡುವುದು ಸೊಳ್ಳೆಯಿಂದಲ್ಲ, ಉಣುಗಿನಿಂದ. ಸೋಜಿಗವೆಂದರೆ ಇದರ ಹತ್ತಿರದ ನೆಂಟ ಆಗ ಗೊತ್ತಿದ್ದದ್ದು ಸಾವಿರಾರು ಮೈಲಿ ದೂರದ ರಷ್ಯಾದ ಚಳಿಕಾಡುಗಳಲ್ಲಿ. ಅಲ್ಲಿ 1937ರಲ್ಲಿ ಉಣುಗಿನಿಂದ ಬರುವ ಮೆದುಳು ಜ್ವರದ ವೈರಸ್ಸನ್ನು ಕಂಡುಹಿಡಿದಿದ್ದರು.

ಅಷ್ಟು ದೂರದಿಂದ ಸೊರಬಕ್ಕೆ ಹೇಗೆ ಬಂತು? ವಲಸೆ ಹಕ್ಕಿಗಳು ಉಣುಗನ್ನು ಹೊತ್ತು ತಂದವೇ ಎಂಬ ಅನುಮಾನ ಬಂತು. ಅದನ್ನು ನೋಡಲು ಸಲೀಂ ಅಲಿಯವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸ ಹಿಡಿಯಿತು. ಮೊದಲು ವಿಶ್ವ ಆರೋಗ್ಯ ಸಂಸ್ಥೆಯ ನೆರವು ಇತ್ತು, ಮುಂದೆ ಅಮೆರಿಕದ ಸೇನೆಯ ಸಂಶೋಧನಾ ಹಣವೂ ಬಂತು. ಇದರ ಬಗ್ಗೆ 1970ರ ದಶಕದಲ್ಲಿ ನಮ್ಮ ಸಂಸತ್ತಿನ ಸಮಿತಿಯೇ ಪ್ರಶ್ನೆ ಎತ್ತಿತು.

ಈ ಮಾತನ್ನು ಇಲ್ಲಿ ಬೇಕೆಂದೇ ತಂದಿದ್ದೇವೆ. ಮಂಗನ ಕಾಯಿಲೆ ಎಂದು ಹುಡುಕಿದರೆ ಇಂದಿಗೂ "ಇದು ಅಮೆರಿಕದವರು ಬಿಟ್ಟ ರೋಗ" ಎನ್ನುವ ಬರಹಗಳು ಎದುರಾಗುತ್ತವೆ. ಸಂಸತ್ತು ಕೇಳಿದ ಪ್ರಶ್ನೆ ನಿಜ, ಸೇನೆಯ ಹಣವೂ ನಿಜ. ಆದರೆ ಇಸವಿಗಳನ್ನು ಸಾಲಾಗಿ ಇಟ್ಟು ನೋಡಿ. ರೋಗ ಬಂದದ್ದು ಮೊದಲು, ಹಕ್ಕಿಗೆ ಉಂಗುರ ತೊಡಿಸಿದ್ದು ಆಮೇಲೆ. ನಂತರ ಬಂದದ್ದು ಮೊದಲಿನದಕ್ಕೆ ಕಾರಣ ಆಗಲಾರದು.

ಕ್ಯಾಸನೂರು ಲೋಕದ ಪಟ್ಟಿಗೆ ಸೇರಿತು

ಹೊಸ ರೋಗ ಸಿಕ್ಕಿತು. ಅದರ ವಿಷಯ ಬೇರೆ ಊರಿನ ವೈದ್ಯರಿಗೆ ತಲುಪುವುದು ಹೇಗೆ? ಅದಕ್ಕೊಂದು ಹಳೆಯ ವ್ಯವಸ್ಥೆ ಇತ್ತು. ಅಮೆರಿಕದ ಸೇನೆಯ ವೈದ್ಯ ಜಾನ್ ಶಾ ಬಿಲ್ಲಿಂಗ್ಸ್ 1879ರಲ್ಲಿ ಇಂಡೆಕ್ಸ್ ಮೆಡಿಕಸ್ ಎಂಬ ಪಟ್ಟಿ ಆರಂಭಿಸಿದ್ದ. ಲೋಕದ ವೈದ್ಯ ಪತ್ರಿಕೆಗಳಲ್ಲಿ ಯಾವ ರೋಗದ ಬಗ್ಗೆ ಯಾರು ಎಲ್ಲಿ ಬರೆದಿದ್ದಾರೆ ಎಂದು ವಿಷಯವಾರು ಜೋಡಿಸಿದ ದಪ್ಪ ದಪ್ಪ ಪುಸ್ತಕಗಳು. ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುತ್ತದಲ್ಲ, ಹಾಗೆ ಇಡೀ ವೈದ್ಯಶಾಸ್ತ್ರಕ್ಕೇ ಒಂದು ಪದಸೂಚಿ.

ಈ ಪಟ್ಟಿಯನ್ನು 1964ರಲ್ಲಿ ಕಂಪ್ಯೂಟರಿಗೆ ಏರಿಸಿದರು. ಆಗ ವೈದ್ಯರು ತಮ್ಮ ಪ್ರಶ್ನೆಯನ್ನು ಬರೆದು ಕಳಿಸಿ, ಉತ್ತರಕ್ಕೆ ವಾರಗಟ್ಟಲೆ ಕಾಯಬೇಕಿತ್ತು. 1971ರಲ್ಲಿ ದೂರವಾಣಿ ತಂತಿಯ ಮೂಲಕ ನೇರವಾಗಿ ಹುಡುಕುವ ಮೆಡ್‌ಲೈನ್ ಬಂತು. 1996ರಲ್ಲಿ ಅದೇ ಪಟ್ಟಿ ಪಬ್‌ಮೆಡ್ ಎಂಬ ಹೆಸರಿನಲ್ಲಿ ಅಂತರಜಾಲಕ್ಕೆ ಇಳಿಯಿತು. 1997ರಿಂದ ಅದು ಎಲ್ಲರಿಗೂ ಉಚಿತ. ಇವತ್ತು ಕಮ್ಮರಡಿಯಲ್ಲಿ ಕೂತು ಮೊಬೈಲಿನಲ್ಲಿ ತೆರೆದರೂ ದೊಡ್ಡ ಆಸ್ಪತ್ರೆಯ ಡಾಕ್ಟರು ನೋಡುವ ಪಟ್ಟಿಯೇ ನಿಮಗೂ ಕಾಣುತ್ತದೆ.

ಪಬ್‌ಮೆಡ್‌ನ ಗುಣ ಏನೆಂದರೆ ಅಲ್ಲಿ ಪ್ರತಿ ರೋಗಕ್ಕೂ ಒಂದು ಗೊತ್ತಾದ ತಲೆಬರಹ ಇರುತ್ತದೆ. ಬರೆದವರು ಯಾವ ಪದ ಬಳಸಿದ್ದರೂ ಲೇಖನವನ್ನು ಆ ತಲೆಬರಹದ ಕೆಳಗೆ ಇಡುತ್ತಾರೆ. ನಮ್ಮ ರೋಗಕ್ಕೆ ಅಲ್ಲಿರುವ ತಲೆಬರಹ "ಕ್ಯಾಸನೂರ್ ಫಾರೆಸ್ಟ್ ಡಿಸೀಸ್". ಸೊರಬದ ಒಂದು ಕಾಡಿನ ಹೆಸರು ಲೋಕದ ವೈದ್ಯಪಟ್ಟಿಯಲ್ಲಿ ಕೂತಿದೆ. ಆದರೆ ಆ ಕಾಡಿನ ಜನ ಇಟ್ಟ ಹೆಸರನ್ನು ನಮ್ಮ ಲಿಪಿಯಲ್ಲಿ ಟೈಪ್ ಮಾಡಿದರೆ ಅಲ್ಲಿ ಏನೂ ಸಿಗುವುದಿಲ್ಲ.

ಗೂಗಲ್ ಬಂದ ದಾರಿ

ಸಾಮಾನ್ಯ ಹುಡುಕಾಟದ ಕಥೆ ಬೇರೆ. 1990ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಅಲನ್ ಎಮ್‌ಟೇಜ್ ಆರ್ಚಿ ಎಂಬ ಸಾಧನ ಮಾಡಿದ. ಅದು ಕಡತಗಳ ಹೆಸರನ್ನು ಮಾತ್ರ ಹುಡುಕುತ್ತಿತ್ತು. 1994ರಲ್ಲಿ ಬಂದ ಯಾಹೂ ಮನುಷ್ಯರೇ ಕೂತು ಜೋಡಿಸಿದ ಜಾಲತಾಣಗಳ ಪಟ್ಟಿ. 1995ರ ಆಲ್ಟಾವಿಸ್ಟಾ ಪುಟದ ಒಳಗಿನ ಪದಗಳನ್ನೂ ಹುಡುಕಿತು. ಆದರೆ ಸಾವಿರ ಪುಟ ಸಿಕ್ಕರೆ ಯಾವುದನ್ನು ಮೊದಲು ಓದುವುದು?

1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಆರಂಭಿಸಿದ ಗೂಗಲ್ ಗೆದ್ದದ್ದು ಇಲ್ಲೇ. ಮದುವೆಗೆ ಅಡುಗೆ ಭಟ್ಟರನ್ನು ಗೊತ್ತುಮಾಡುವಾಗ ನಾವು ಏನು ಮಾಡುತ್ತೇವೆ? ನಾಲ್ಕು ಮನೆಯಲ್ಲಿ ವಿಚಾರಿಸುತ್ತೇವೆ. ಹೆಚ್ಚು ಜನ ಹೇಳಿದವರನ್ನು, ಅದರಲ್ಲೂ ಊರಲ್ಲಿ ಮಾತಿಗೆ ಬೆಲೆ ಇರುವವರು ಹೇಳಿದವರನ್ನು ಕರೆಯುತ್ತೇವೆ. ಗೂಗಲ್ ಮಾಡಿದ್ದೂ ಅದನ್ನೇ. ಯಾವ ಪುಟಕ್ಕೆ ಬೇರೆ ಪುಟಗಳು ಹೆಚ್ಚು ಕೊಂಡಿ ಕೊಟ್ಟಿವೆಯೋ ಅದನ್ನು ಮೇಲೆ ತಂದಿತು. ಆಮೇಲೆ ನೂರಾರು ಲೆಕ್ಕಗಳು ಸೇರಿಕೊಂಡವು. 2000ದಿಂದ ಜಾಹೀರಾತುಗಳೂ ಬಂದವು. ದುಡ್ಡು ಕೊಟ್ಟವರ ಪುಟ ಮೇಲೆ ಕೂರುವಾಗ ಪಕ್ಕದಲ್ಲಿ ಸಣ್ಣಕ್ಷರದಲ್ಲಿ "ಪ್ರಾಯೋಜಿತ" ಎಂದಿರುತ್ತದೆ. ಡಕ್‌ಡಕ್‌ಗೋ 2008ರಲ್ಲಿ, ಮೈಕ್ರೋಸಾಫ್ಟಿನ ಬಿಂಗ್ 2009ರಲ್ಲಿ ಬಂದವು. ನೀವು ಏನು ಹುಡುಕಿದಿರಿ ಎಂಬ ಲೆಕ್ಕ ಇಟ್ಟುಕೊಳ್ಳುವುದಿಲ್ಲ ಎಂಬುದು ಡಕ್‌ಡಕ್‌ಗೋದ ಮಾತು. ಮನೆಯಲ್ಲಿ ಒಂದೇ ಮೊಬೈಲನ್ನು ನಾಲ್ವರು ಬಳಸುವಾಗ, ಹೇಳಿಕೊಳ್ಳಲಾಗದ ಕಾಯಿಲೆಯ ಬಗ್ಗೆ ಹುಡುಕುವವರಿಗೆ ಇದು ಸಣ್ಣ ವಿಷಯವಲ್ಲ.

ಹೆಚ್ಚು ಜನ ಬೊಟ್ಟು ಮಾಡಿದ ಪುಟ ಮೇಲೆ ಬರುತ್ತದೆ ಎನ್ನುವುದನ್ನು ಮರೆಯಬಾರದು. ಹೆಚ್ಚು ಜನ ಹೇಳಿದ್ದು ಸಾಮಾನ್ಯವಾಗಿ ಸರಿಯೇ ಇರುತ್ತದೆ. ಆದರೆ ಅದು ಇವತ್ತಿಗೆ ಸರಿಯೇ, ನಮ್ಮ ತಾಲೂಕಿಗೆ ಸರಿಯೇ ಎಂದು ಯಂತ್ರ ನೋಡಿ ಹೇಳುವುದಿಲ್ಲ. 2024ರಿಂದ ಗೂಗಲ್ ಕೆಲವು ಪ್ರಶ್ನೆಗಳಿಗೆ ಎಲ್ಲಕ್ಕಿಂತ ಮೇಲೆ ತಾನೇ ಬರೆದ ಸಾರಾಂಶವನ್ನೂ ತೋರಿಸುತ್ತಿದೆ. ಓದಲು ಸಲೀಸು. ಆದರೆ ಅದು ಯಾವ ಪುಟದಿಂದ, ಯಾವ ಇಸವಿಯಿಂದ ಬಂತು ಎಂದು ನೋಡುವ ಕೆಲಸ ಇನ್ನೂ ನಮ್ಮದೇ.

ಕನ್ನಡದಲ್ಲಿ ಮೂರು ಮಂಗಗಳು

ಬಹಳ ಕಾಲ ಕನ್ನಡದಲ್ಲಿ ಹುಡುಕುವುದೇ ಸಾಧ್ಯವಿರಲಿಲ್ಲ. ಆಗ ಕನ್ನಡ ಜಾಲತಾಣಗಳು ತಮ್ಮ ತಮ್ಮದೇ ಫಾಂಟ್ ಬಳಸುತ್ತಿದ್ದವು. ನಮ್ಮ ಕಣ್ಣಿಗೆ ಕನ್ನಡ ಅಕ್ಷರ ಕಂಡರೂ ಯಂತ್ರಕ್ಕೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ಅದು ಬಳಕೆಗೆ ಬರಲು ವರ್ಷಗಳೇ ಹಿಡಿದವು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. 2011ರಲ್ಲಿ ಗೂಗಲ್ ಅನುವಾದಕ್ಕೆ ಕನ್ನಡ ಸೇರಿತು. 2017ರಲ್ಲಿ ಕನ್ನಡದಲ್ಲಿ ಮಾತಾಡಿದರೆ ಬರೆದುಕೊಳ್ಳುವ ಸೌಲಭ್ಯ ಬಂತು. ಟೈಪ್ ಮಾಡಲು ಬಾರದ ನಮ್ಮ ಅಜ್ಜಿಯರೂ ಈಗ ಮೈಕ್ ಒತ್ತಿ ಕೇಳುತ್ತಾರೆ.

ಕೇಳುವುದು ಸುಲಭವಾಯಿತು. ಆದರೆ ಪದದ ತೊಡಕು ಉಳಿಯಿತು. ಕನ್ನಡದಲ್ಲಿ ಮಂಗನ ಹೆಸರು ಹೊತ್ತ ಮೂರು ರೋಗಗಳಿವೆ. ಮಂಗನ ಕಾಯಿಲೆ ನಮ್ಮ ಕ್ಯಾಸನೂರಿನದು. ಮಂಗನಬಾವು ಎಂದರೆ ಮಕ್ಕಳಿಗೆ ಕೆನ್ನೆ, ದವಡೆ ಊದುವ ಮಂಪ್ಸ್, ಅದಕ್ಕೂ ಮಂಗನಿಗೂ ಸಂಬಂಧವೇ ಇಲ್ಲ. ಮೂರನೆಯದು 2022ರಲ್ಲಿ ಸುದ್ದಿಯಾದ ಮಂಕಿಪಾಕ್ಸ್. ಅದನ್ನು ಕೆಲವರು ಮಂಗನ ಸಿಡುಬು ಎಂದು ಬರೆದರು. ಡೆನ್ಮಾರ್ಕಿನ ಪ್ರಯೋಗಾಲಯದ ಮಂಗಗಳಲ್ಲಿ ಅದು ಮೊದಲು ಕಂಡದ್ದು 1958ರಲ್ಲಿ, ನಮ್ಮ ಕಾಯಿಲೆ ಸಿಕ್ಕ ಮರುವರ್ಷವೇ. ಒಬ್ಬರಿಂದ ಒಬ್ಬರಿಗೆ ಮೈ ತಾಗಿ ಹರಡುವ ರೋಗ ಅದು. ಮಂಗನ ಕಾಯಿಲೆ ಹಾಗೆ ಹರಡುವುದಿಲ್ಲ.

"ಮಂಗನಿಂದ ಬರುವ ಜ್ವರ" ಎಂದು ಕೇಳಿದವರಿಗೆ ಈ ಮೂರೂ ಕಲಸಿ ಬರಬಹುದು. ಮಂಗನ ಕಾಯಿಲೆಯವರನ್ನು ಮುಟ್ಟಬಾರದು ಎಂದು ತಪ್ಪು ತಿಳಿದು, ಹಾಸಿಗೆ ಹಿಡಿದವರಿಗೆ ನೀರು ಕೊಡಲೂ ಹೆದರಿದರೆ ಗತಿಯೇನು? ಅದಕ್ಕೇ ಹುಡುಕುವಾಗ "ಕೆಎಫ್‌ಡಿ" ಅಥವಾ "ಕ್ಯಾಸನೂರು" ಎಂಬ ಪದ ಸೇರಿಸುವುದು ಒಳ್ಳೆಯದು. ಎರಡು ಮೂರು ಪದ ಸೇರಿ ಒಂದೇ ಹೆಸರಾಗಿದ್ದರೆ ಉದ್ಧರಣ ಚಿಹ್ನೆಯೊಳಗೆ ಹಾಕಬೇಕು. ಆಗ ಯಂತ್ರ ಪದಗಳನ್ನು ಬಿಡಿಬಿಡಿಯಾಗಿ ಹುಡುಕದೆ, ಆ ಹೆಸರು ಇಡಿಯಾಗಿ ಇರುವ ಪುಟಗಳನ್ನೇ ತರಲು ನೋಡುತ್ತದೆ.

ಲಸಿಕೆ ಇತ್ತು, ಈಗ ಇಲ್ಲ

ಆ ರಾತ್ರಿ ನಮಗೆ ಸಿಕ್ಕ ಎರಡನೇ ಉತ್ತರ ಲಸಿಕೆಯದು. ಮರುದಿನ ಆಶಾ ಕಾರ್ಯಕರ್ತೆ ಅಕ್ಕನನ್ನು ಕೇಳಿದೆವು. "ಅದು ನಿಂತು ಹೋಗಿದೆಯಲ್ಲ, ನಿಮಗೆ ಗೊತ್ತಿಲ್ವಾ?" ಎಂದರು. ನಾಚಿಕೆಯಾಯಿತು.

ಪುಟ ಸುಳ್ಳು ಹೇಳಿರಲಿಲ್ಲ. ಮಂಗನ ಕಾಯಿಲೆಯ ಲಸಿಕೆ 1990ರಿಂದ ಮಲೆನಾಡಿನಲ್ಲಿ ಬಳಕೆಯಲ್ಲಿತ್ತು. 2005ರಿಂದ 2010ರವರೆಗಿನ ಲೆಕ್ಕ ನೋಡಿ 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಎರಡು ಡೋಸ್ ತೆಗೆದುಕೊಂಡವರಿಗೆ ಸುಮಾರು ಶೇ. 62, ಬೂಸ್ಟರ್ ಕೂಡ ಪಡೆದವರಿಗೆ ಸುಮಾರು ಶೇ. 83 ರಕ್ಷಣೆ ಸಿಗುತ್ತಿತ್ತು. ಅದು ಪಬ್‌ಮೆಡ್‌ನಲ್ಲಿ ಇವತ್ತಿಗೂ ಇದೆ, ಯಾರು ಬೇಕಾದರೂ ಓದಬಹುದು. ಆದರೆ ಆ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಹೊಸದನ್ನು ತಯಾರಿಸುವ ಕೆಲಸ ನಡೆದಿದೆ. ಹಳೆಯ ಪುಟ ಹಳೆಯ ಕಾಲದ ಸತ್ಯವನ್ನು ಹೇಳುತ್ತಲೇ ಇರುತ್ತದೆ. ಅದನ್ನು ಅಳಿಸುವವರು ಯಾರೂ ಇಲ್ಲ, ಅಳಿಸಲೂ ಬಾರದು. ಇಸವಿ ನೋಡಬೇಕಾದವರು ನಾವು. ಮೈಗೆ ಹಚ್ಚುವ ಎಣ್ಣೆಯದೂ ಇದೇ ಕಥೆ. ಹಳೆಯ ಬರಹಗಳಲ್ಲಿ ಡಿಎಂಪಿ ಎಣ್ಣೆ ಎಂದಿರುತ್ತದೆ, ಈಚಿನವುಗಳಲ್ಲಿ ಡೆಪಾ.

ರೋಗದ ನಕ್ಷೆಯೂ ಬದಲಾಗಿದೆ. ಮೊದಮೊದಲು ಸೊರಬ, ಸಾಗರದ ಸುತ್ತ ಇದ್ದದ್ದು 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಕಾಡು ಕಡಿದು ಗೇರು ತೋಟ ಮಾಡುವಾಗ ಅಲ್ಲೂ ಎದ್ದಿತು. 2012ರ ನಂತರ ಬಂಡೀಪುರ, ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಹೋಯಿತು. 2024ರಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲೂ ಸಾವಾಯಿತು. "ಇದು ಶಿವಮೊಗ್ಗ ಜಿಲ್ಲೆಯ ಕಾಯಿಲೆ" ಎಂದು ಹೇಳುವ ಹಳೆಯ ಪುಟವನ್ನು ನಂಬಿ ಕೊಪ್ಪ, ಶೃಂಗೇರಿ, ಎನ್.ಆರ್. ಪುರದವರು ನಿಶ್ಚಿಂತರಾಗಿ ಕೂರುವಂತಿಲ್ಲ.

ಯಾವುದಕ್ಕೆ ಯಾವುದು

ಇಷ್ಟು ಓದಿದ ಮೇಲೆ ನಾವು ಮಾಡಿಕೊಂಡ ರೂಢಿ ಹೀಗಿದೆ.

ಬಸ್ಸಿನ ಸಮಯ, ಅಡಿಕೆ ಧಾರಣೆ, ಸರ್ಕಾರಿ ಅರ್ಜಿ, ಇಂಥದ್ದಕ್ಕೆ ಗೂಗಲ್, ಬಿಂಗ್ ಯಾವುದಾದರೂ ಸಾಕು. "ಪ್ರಾಯೋಜಿತ" ಎಂದಿರುವುದನ್ನು ದಾಟಿ ಕೆಳಗೆ ಹೋಗುತ್ತೇವೆ. ಸರ್ಕಾರದ ವಿಷಯವಾದರೆ ವಿಳಾಸದ ಕೊನೆಯಲ್ಲಿ "ಗವ್ ಡಾಟ್ ಇನ್" ಇದೆಯೇ ನೋಡುತ್ತೇವೆ.

ಒಂದು ರೋಗ ಏನು, ಹೇಗೆ ಬರುತ್ತದೆ ಎಂದು ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆಯ ಪುಟ, ಇಲ್ಲವೇ ಪಬ್‌ಮೆಡ್ ನಡೆಸುವ ಗ್ರಂಥಾಲಯದವರೇ ಜನಸಾಮಾನ್ಯರಿಗಾಗಿ 1998ರಲ್ಲಿ ಆರಂಭಿಸಿದ ಮೆಡ್‌ಲೈನ್‌ಪ್ಲಸ್. ಇಂಗ್ಲಿಷಿನಲ್ಲಿದೆ, ಅನುವಾದ ಮಾಡಿಕೊಂಡು ಓದಬಹುದು. ಆದರೆ ಔಷಧಿಯ ಹೆಸರು, ಪ್ರಮಾಣ ಇದ್ದಲ್ಲಿ ಅನುವಾದವನ್ನು ನೆಚ್ಚುವುದಿಲ್ಲ.

ಯಾರಾದರೂ "ಅಧ್ಯಯನದಲ್ಲಿ ಸಾಬೀತಾಗಿದೆ" ಎಂದು ಕಷಾಯ, ಪುಡಿ ಮಾರಲು ಬಂದರೆ ಆ ಅಧ್ಯಯನವನ್ನು ಪಬ್‌ಮೆಡ್‌ನಲ್ಲಿ ಅಥವಾ 2004ರಲ್ಲಿ ಬಂದ ಗೂಗಲ್ ಸ್ಕಾಲರ್‌ನಲ್ಲಿ ಹುಡುಕುತ್ತೇವೆ. ಮೂರು ಪ್ರಶ್ನೆ ಸಾಕು: ಯಾವ ಇಸವಿ, ಎಷ್ಟು ಜನರ ಮೇಲೆ, ಮನುಷ್ಯರ ಮೇಲೋ ಇಲಿಯ ಮೇಲೋ.

ನಮ್ಮ ಊರಲ್ಲಿ ಈಗ ಏನಾಗುತ್ತಿದೆ ಎಂಬುದಕ್ಕೆ ಮೊಬೈಲನ್ನು ಕೇಳುವುದಿಲ್ಲ. ಆಶಾ ಅಕ್ಕ, ಪ್ರಾಥಮಿಕ ಆರೋಗ್ಯ ಕೇಂದ್ರ, ಇಲ್ಲವೇ 104 ಸಹಾಯವಾಣಿ. ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗದೆ ಅವರಿಗೋ ಪಂಚಾಯಿತಿಗೋ ಹೇಳಬೇಕು. ಸತ್ತ ಮಂಗನ ಮೈಯಿಂದ ಉಣುಗು ಸುತ್ತ ಉದುರಿರುತ್ತದೆ.

ಚಿಕ್ಕಮ್ಮನ ರಕ್ತ ಹೇಳಿದ್ದು

ಚಿಕ್ಕಪ್ಪ ಎರಡು ದಿನ ನೋಡೋಣ ಎಂದರಲ್ಲ, ಚಿಕ್ಕಮ್ಮ ಒಂದು ರಾತ್ರಿ ಕಾದರು. ಬೆಳಿಗ್ಗೆ ಆಶಾ ಅಕ್ಕ ಬಂದವರು ಲಸಿಕೆಯ ಮಾತು ಮುಗಿಸಿ ಗದರಿದರು: "ಔಷಧಿ ಇಲ್ಲ ಅಂದ್ರೆ ಚಿಕಿತ್ಸೆ ಇಲ್ಲ ಅಂತಲ್ಲ. ಏಳಿ, ಜೀಪು ಕರೆಸಿ."

ಅವರ ಮಾತು ಸರಿ. ಮಂಗನ ಕಾಯಿಲೆಯ ವೈರಸ್ ಕೊಲ್ಲುವ ಔಷಧಿ ಇಲ್ಲ, ನಿಜ. ಆದರೆ ದೇಹದ ನೀರು, ರಕ್ತದೊತ್ತಡ, ರಕ್ತಸ್ರಾವ ಇವನ್ನು ಆಸ್ಪತ್ರೆಯಲ್ಲಿ ನೋಡಿಕೊಂಡರೆ ಬಹುಪಾಲು ಜನ ಉಳಿಯುತ್ತಾರೆ. ರೋಗ ಬಂದ ನೂರರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ ಎಂಬುದು ಸಾಮಾನ್ಯ ಲೆಕ್ಕ. ಜ್ವರ ಬಿಟ್ಟ ಒಂದೆರಡು ವಾರದಲ್ಲಿ ಕೆಲವರಿಗೆ ಮತ್ತೆ ತಿರುಗಿ ಬಂದು ತಲೆಗೆ ಏರುವುದೂ ಉಂಟು.

ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ ನಾವು ಮೊಬೈಲಿಗೆ ಹೇಳದೇ ಇದ್ದದ್ದು: "ತೋಟದ ಬಸಿಗಾಲುವೆಗೆ ಬರಿಗಾಲಲ್ಲಿ ಇಳಿದಿದ್ರಾ ಅಮ್ಮ?" ಇಳಿದಿದ್ದರು, ವಾರವಿಡೀ. ಕಾಲಿನಲ್ಲಿ ಒಡಕೂ ಇತ್ತು. ವರದಿಗೆ ಕಾಯದೆ ಔಷಧಿ ಶುರು ಮಾಡಿದರು. ಮಂಗನ ಕಾಯಿಲೆಯ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಬಂದದ್ದು ಇಲಿಜ್ವರ. ಅದರಲ್ಲೂ ಕಣ್ಣು ಕೆಂಪಾಗುತ್ತದೆ, ಮೀನಖಂಡ ನೋಯುತ್ತದೆ. ಅದಕ್ಕೆ ಔಷಧಿ ಇದೆ, ಬೇಗ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ. ಬಿಟ್ಟರೆ ಮೂತ್ರಪಿಂಡ, ಯಕೃತ್ತು ಕೆಡಬಹುದು.

ನಾವು ಮಂಗನ ಕಾಯಿಲೆ ಎಂದು ಹುಡುಕಿದೆವು, ಮಂಗನ ಕಾಯಿಲೆಯ ಬಗ್ಗೆಯೇ ಉತ್ತರ ಬಂತು. ಮಂಗ ಸತ್ತ ಸುದ್ದಿ ತಲೆಯಲ್ಲಿ ಕೂತಿತ್ತು, ಅದನ್ನೇ ಟೈಪ್ ಮಾಡಿದೆವು. 1957ರಲ್ಲಿ ಪುಣೆಯಿಂದ ಬಂದವರ ತಲೆಯಲ್ಲೂ ಹಳದಿ ಜ್ವರ ಕೂತಿತ್ತು. ಅವರು ಅಲ್ಲಿಗೇ ನಿಲ್ಲದೆ ರಕ್ತ ತೆಗೆದು ನೋಡಿದರು, ಅನುಮಾನ ಸುಳ್ಳಾಯಿತು, ನಿಜವಾದದ್ದು ಸಿಕ್ಕಿತು.

ಚಿಕ್ಕಮ್ಮ ಹತ್ತನೇ ದಿನಕ್ಕೆ ಮನೆಗೆ ಬಂದರು. ಈಗ ತೋಟಕ್ಕೆ ಹೋಗುವಾಗ ಗಂಬೂಟು ಹಾಕುತ್ತಾರೆ, ದರಗಿಗೆ ಹೋಗುವಾಗ ಕೈಕಾಲಿಗೆ ಡೆಪಾ ಎಣ್ಣೆ ಹಚ್ಚುತ್ತಾರೆ. ಮೊನ್ನೆ ಪಕ್ಕದ ಮನೆಯ ಹುಡುಗನಿಗೆ ಜ್ವರ ಬಂದಾಗ ಅವರಮ್ಮ ಮೊಬೈಲ್ ಹಿಡಿದುಕೊಂಡು ಬಂದರಂತೆ. ಚಿಕ್ಕಮ್ಮ ಕೇಳಿದ್ದು ಇಷ್ಟು: "ಅದು ಆಮೇಲೆ ನೋಡು ಮಾರಾಯ್ತಿ. ರಕ್ತ ಕೊಟ್ಟು ಬಂದ್ಯಾ?"